ಹೆಸ್ಸೆಲನ ದೋಣಿಗೆ ಹೊಸ ಕಿಟಕಿ

ಮಾರ್ಚ್ 9, ಶನಿವಾರ

ಎಡಬದಿಯ ಕೊನೆಯ ಕಿಟಕಿಯೂ ಕಳಚಿತು. ಸ್ಕ್ರೂಗಳು ಅಲ್ಯೂಮಿನಿಯಂ ಚೌಕಟ್ಟನ್ನು ಕಚ್ಚಿಕೊಂಡು ಕೂತಿದ್ದವು. ತಲೆಗಳನ್ನು ಡ್ರಿಲ್ ಮಾಡಿ ಹಾರಿಸಬೇಕಾಯಿತು. ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಎಂದುಕೊಂಡಿದ್ದೆ. ಮಣಿಕಟ್ಟು ಊದಿದೆ. ತೆರೆದ ಜಾಗಕ್ಕೆ ಪ್ಲೈವುಡ್ ಹೊಡೆದೆ. ಒಳಗೆ ಇನ್ನಷ್ಟು ಕತ್ತಲು.

ಹೆಸ್ಸೆಲ್ ಮುಂದಿನ ಕ್ಯಾಬಿನ್ನಿನಲ್ಲಿ ಮಲಗಿಯೇ ಇದ್ದ. ಡ್ರಿಲ್ ತಲೆಯ ಹತ್ತಿರವೇ ಕೊರೆಯುತ್ತಿದ್ದರೂ ಮಗ್ಗುಲು ಬದಲಿಸಲಿಲ್ಲ. ಇವನೇ ನನ್ನ ತಮ್ಮ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತುವ ಕೆಲಸ ಹೋದ ಮೇಲೆ — ಈಗ ಎಲ್ಲೋ ಕೂತು ಕ್ಯಾಮೆರಾ ನೋಡಿ ಎತ್ತುತ್ತಾರಂತೆ — ಬಾಡಿಗೆ ಮನೆ ಬಿಟ್ಟು ದೋಣಿಗೆ ಬಂದ. ಚಳಿಗಾಲಕ್ಕೆ ದೋಣಿಯನ್ನು ನೀರಿನಿಂದೆತ್ತಿ ರಿಪೇರಿ ಯಾರ್ಡಿನಲ್ಲಿ ಊರುಗಂಬಗಳ ಮೇಲೆ ನಿಲ್ಲಿಸಿದರು. ಅವನು ಇಳಿಯಲೇ ಇಲ್ಲ.

"ಹಾಸಿಗೆ ಮೇಲೆ ನೀರು ಸೋರ್ತಿದೆ ಅಂತ ನೀನೇ ತಾನೇ ಫೋನ್ ಮಾಡಿದ್ದು?" ಎಂದೆ.

"ಮಾಡಿದ್ನಾ?" ಎಂದ. "ಆಗ ಅದು ತೊಂದ್ರೆ ಅನ್ಸಿತ್ತೇನೋ."

ಮಾರ್ಚ್ 10, ಭಾನುವಾರ

ಹಳೆಯ ಅಂಟು ಕೆರೆದು ತೆಗೆದೆ. ಕೆಳಗೆ ಕೊಳೆತ ಮರ. ಎರಡು ಪದರ ಫೈಬರಿನ ನಡುವೆ ಇರಬೇಕಾದ ಮರ ಬೆರಳಿಗೆ ಪುಡಿಪುಡಿಯಾಗಿ ಬರುತ್ತಿದೆ. ಎಷ್ಟು ವರ್ಷದಿಂದ ನೀರು ಕುಡಿದಿದೆಯೋ…

ಯಾರ್ಡಿನ ಫೊಪ್ಪೆ ಏಣಿ ಹತ್ತಿ ಬಂದ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನವನು. ಆಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಗಟ್ಟಿ ಮರದ ಸದ್ದೇ ಇಲ್ಲ.

"ಬೌಕ್ಯೆ, ಇದು ದೋಣಿ ಅಲ್ಲ ಕಣೆ, ಸ್ಪಂಜು. ಗರಗಸ ಹಾಕಿ ತುಂಡು ಮಾಡಿ ಎಸಿಯೋದು ವಾಸಿ. ನಿನ್ನ ತಮ್ಮ ಒಳಗಿಲ್ಲದಾಗ, ಮತ್ತೆ!"

ಒಳಗಿನಿಂದ ಹೆಸ್ಸೆಲನ ದನಿ: "ಒಳಗಿದ್ದಾಗ್ಲೇ ಹಾಕು ಬಿಡೋ."

ಫೊಪ್ಪೆ ಗಹಗಹಿಸಿ ನಕ್ಕ. ನಾನೂ ನಕ್ಕೆ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ದನಿ ಮತ್ತೆ ಕೇಳಿಸಿತು. ಅದರಲ್ಲಿ ತಮಾಷೆ ಇರಲಿಲ್ಲ.

ಮಾರ್ಚ್ 16, ಶನಿವಾರ

ಕೊಳೆತದ್ದನ್ನೆಲ್ಲ ಚಮಚದಲ್ಲಿ ಕೆದಕಿ ತೆಗೆದು ಎಪಾಕ್ಸಿ ಅಂಟು ತುಂಬಿದೆ. ಚಳಿಗೆ ಗಟ್ಟಿಯಾಗುತ್ತಿಲ್ಲ. ಹೀಟರ್ ಇಟ್ಟೆ. ಹೊರಗೆ ಗಾಳಿ — ಪಕ್ಕದ ದೋಣಿಗಳ ಹಗ್ಗಗಳು ಹಾಯಿಕಂಬಕ್ಕೆ ಬಡಿದುಕೊಳ್ಳುವ ಸದ್ದು ದಿನವಿಡೀ.

ಬಟಾಣಿ ಸೂಪು, ರೈ ಬ್ರೆಡ್ಡು ಒಯ್ದಿದ್ದೆ. ಹೆಸ್ಸೆಲ್ ಎರಡು ಚಮಚ ತಿಂದು ಬಟ್ಟಲು ಕೆಳಗಿಟ್ಟ.

"ಡಾಕ್ಟರ್ ಹತ್ರ ಹೋಗಿ ಬರೋಣ್ವಾ?"

"ಹೋಗಿ ಏನು ತೋರಿಸ್ಲಿ? ನೋವಿದ್ರೆ ಇಲ್ಲಿ ಅಂತ ತೋರಿಸ್ಬೋದು. ಏನೂ ಇಲ್ಲ, ಬೌಕ್ಯೆ. ಅದೇ ನೋಡು. ಏನೂ ಇಲ್ಲ."

ಸೂಪು ಬಿಸಿ ಮಾಡಿ ನಾನೇ ತಿಂದೆ.

ಮಾರ್ಚ್ 23, ಶನಿವಾರ, ಸಂಜೆ

ಕಿಟಕಿಗೆ ಗಾಜಿನ ಬದಲು ಹಾಕುವ ಹೊಸ ಅಕ್ರಿಲಿಕ್ ಹಾಳೆಗಳು ಬಂದವು, ಅಳತೆಗೆ ಕತ್ತರಿಸಿದವು. ಇನ್ನು ಚೌಕಟ್ಟಿನ ರಗಳೆ ಇಲ್ಲ, ಹೊರಗಿನಿಂದಲೇ ಕೂರಿಸಿ ಬೋಲ್ಟ್ ಹಾಕುವುದು.

ಹೆಸ್ಸೆಲ್ ಹೊರಗೆ ಬಂದ! ಗಡ್ಡ ಬೋಳಿಸಿದ್ದ. ಒಂದು ಹಾಳೆಯನ್ನು ಬಿಸಿಲಿಗೆ ಹಿಡಿದು ಅದರೊಳಗಿನಿಂದ ನನ್ನನ್ನು ನೋಡಿ, "ಮುದುಕಿ ಆಗಿದ್ದೀಯ" ಎಂದ. ಸೇತುವೆಯ ಮಾತು ತೆಗೆದ. ಗಾಳದ ದಾರಕ್ಕೆ ಮರದ ಬೂಟು ಕಟ್ಟಿ, ಹಾದುಹೋಗುವ ದೋಣಿಯವರ ಕೈಗೆ ಸರಿಯಾಗಿ ತೂಗಿಬಿಡುವುದು, ಅವರು ಅದರೊಳಗೆ ಸೇತುವೆಯ ಸುಂಕದ ಕಾಸು ಹಾಕುವುದು… "ಒಬ್ಬ ಜರ್ಮನ್ನವನು ಮೀನು ಹಾಕಿದ್ದ, ಗೊತ್ತಾ? ಜೀವಂತ ಮೀನು!" ಆ ನಗು ಕೇಳಿ ಎಷ್ಟು ದಿನವಾಗಿತ್ತು.

ಅಂಚು ಒರೆಸುತ್ತಿರು ಎಂದು ಬಟ್ಟೆ ಕೊಟ್ಟು ಕಾಫಿ ತರಲು ಹೋದೆ. ಮರಳಿ ಬರುವಷ್ಟರಲ್ಲಿ ಥಿನ್ನರ್ ಡಬ್ಬಿಗೆ ಬಟ್ಟೆ ಅದ್ದಿ ಒರೆಸುತ್ತಿದ್ದ. ಅಕ್ರಿಲಿಕ್ಕಿಗೆ ಥಿನ್ನರ್! ಹಾಳೆಯ ತುಂಬ ಜೇಡರ ಬಲೆಯಂತೆ ಸಣ್ಣ ಬಿರುಕು.

ಕೂಗಾಡಿದೆ. "ಒಂದು ಕೆಲ್ಸ! ಒಂದು ಕೆಲ್ಸ ನೆಟ್ಟಗೆ ಮಾಡೋಕಾಗಲ್ವಾ ನಿನಗೆ? ನೀನು ಇದ್ದೂ ಏನು ಪ್ರಯೋಜನ?" — ಯಾರ್ಡಿನವರೆಲ್ಲ ತಿರುಗಿ ನೋಡಿದರು.

ಅವನು ಸಿಟ್ಟಾಗಲಿಲ್ಲ. ಬಟ್ಟೆಯನ್ನು ನೀಟಾಗಿ ಮಡಚಿಟ್ಟು, "ಸರಿ" ಎಂದು ಒಳಗೆ ಹೋದ. ಕ್ಯಾಬಿನ್ನಿನ ಮುಚ್ಚಳ ಎಳೆದುಕೊಂಡ.

ಏಪ್ರಿಲ್ 13, ಶನಿವಾರ

ಹೋಗಿರಲಿಲ್ಲ. ಈಸ್ಟರ್, ಬೇಕರಿಯಲ್ಲಿ ಪುರಸೊತ್ತಿಲ್ಲ ಎಂದು ಮೆಸೇಜ್ ಹಾಕಿದ್ದೆ. ಉತ್ತರವಿಲ್ಲ. ಈಸ್ಟರ್ ಮುಗಿದ ಮೇಲೂ ಹೋಗಲಿಲ್ಲ. ಆ ಏಣಿ ಹತ್ತುವ ಮನಸ್ಸಾಗಲಿಲ್ಲ.

ನಿನ್ನೆ ಫೊಪ್ಪೆಯ ಫೋನ್. ತಮಾಷೆ ಇಲ್ಲದ ದನಿ. "ಬಾ ಬೌಕ್ಯೆ. ಟಾಯ್ಲೆಟ್ಟಿಗೂ ಇಳೀತಿಲ್ಲ ಅವನು. ಬ್ರೆಡ್ ಇಟ್ಟು ಬಂದ್ರೆ ಅಲ್ಲೇ ಒಣಗ್ತದೆ."

ಹೋದೆ. ಕೆಟ್ಟ ವಾಸನೆ. ಹಾಸಿಗೆಯ ಅಂಚಿನಲ್ಲಿ ಕೂತು, "ಅವತ್ತು ಹಾಗೆ ಅನ್ಬಾರ್ದಿತ್ತು" ಎಂದೆ.

"ಸರಿಯಾಗೇ ಹೇಳ್ದೆ" ಎಂದ, ಗೋಡೆಯ ಕಡೆ ತಿರುಗಿ.

ಇನ್ನೇನು ಮಾಡಲಿ? ಕೆಲಸ ಮಾಡಿದೆ. ಹಾಳಾದ ಹಾಳೆಯ ಬದಲಿಗೆ ತರಿಸಿದ್ದು ಬಂದಿತ್ತು. ಸುತ್ತ ಟೇಪ್, ಅಂಟು, ಹಾಳೆ, ಬೋಲ್ಟು. ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ. ಒಳಗೆ ಅವನು, ಹೊರಗೆ ನಾನು, ನಡುವೆ ಒಂದು ಅಂಗುಲ ಗೋಡೆ.

ಏಪ್ರಿಲ್ 20, ಶನಿವಾರ

ಹೋದ ಭಾನುವಾರ ಉಳಿದವನ್ನೂ ಕೂರಿಸಿದ್ದೆ. ಇವತ್ತು ಟೇಪು, ಮೇಲಿನ ಕಾಗದ ಎಲ್ಲ ಕಿತ್ತೆ. ಬೆಳಕು ನುಗ್ಗಿತು. ಇದಕ್ಕಾಗಿಯೇ ಇಷ್ಟು ದಿನ — ಬೆಳಕು ಬಂದರೆ ಏಳುತ್ತಾನೆ ಎಂದುಕೊಂಡಿದ್ದೆ.

ಬೆಳಕಿಗೆ ಕಂಡದ್ದು: ಮೂಲೆಗಳಲ್ಲಿ ಬೂಸ್ಟು, ತಟ್ಟೆಗಳು, ಅವನ ಕತ್ತಿನ ಮೂಳೆ. ಇಷ್ಟು ಇಳಿದುಹೋಗಿದ್ದಾನೆಂದು ಕತ್ತಲಲ್ಲಿ ತಿಳಿದಿರಲಿಲ್ಲ.

ಹೊದಿಕೆಯನ್ನು ಕಣ್ಣಿನ ಮೇಲೆ ಎಳೆದುಕೊಂಡ.

ಏಪ್ರಿಲ್ 21, ಭಾನುವಾರ, ಮಧ್ಯಾಹ್ನ

ಫೊಪ್ಪೆಯ ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ನೀರಿನ ಪರೀಕ್ಷೆ. ಒಬ್ಬರು ಹೊರಗಿನಿಂದ ಪೈಪ್ ಹಿಡಿಯಬೇಕು, ಒಬ್ಬರು ಒಳಗೆ ನೋಡಬೇಕು. ಮಲಗಿದ್ದಲ್ಲಿಂದಲೇ ನೋಡು ಸಾಕು ಎಂದೆ. ತಲೆಯಾಡಿಸಿದ.

ಅವನ ದಿಂಬಿನ ಮೇಲಿನ ಕಿಟಕಿಗೆ ಜೋರಾಗಿ ಬಿಟ್ಟೆ.

"ಹೆಸ್ಸೆಲ್, ಸೋರ್ತಿದೆಯಾ?"

"ಇಲ್ಲ."

"ಕೆಳಗಿನ ಮೂಲೆ ನೋಡು, ಸರಿಯಾಗಿ!"

"ಇಲ್ಲ ಅಂದ್ನಲ್ಲ."

ಅಂಗಳದ ಆಚೆಯಿಂದ ಫೊಪ್ಪೆ, "ಈಗ ಅನ್ಬೋದು ದೋಣಿ ಅಂತ!" ಎಂದು ಕೂಗಿದ. ಖುಷಿಗೆ ಇನ್ನೂ ಸ್ವಲ್ಪ ಹೊತ್ತು ನೀರು ಬಿಟ್ಟೆ. ಆಮೇಲೆ ಒಳಗೆ ಹೋದೆ.

ಮೂಲೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನ ಕೂದಲ ಮೇಲೆ, ಕಿವಿಯೊಳಕ್ಕೆ, ಕತ್ತಿನೊಳಕ್ಕೆ. ಕಣ್ಣು ತೆರೆದೇ ಇತ್ತು. ಕೊರೆಯುವ ನೀರು. ಒಂದಿಷ್ಟೂ ಸರಿದಿರಲಿಲ್ಲ.

"ಹೆಸ್ಸೆಲ್! ಇಲ್ಲ ಅಂದೆಯಲ್ಲೋ!"

"ನೀನು ಅಷ್ಟು ಕಷ್ಟಪಟ್ಟಿದ್ದೀಯ" ಎಂದ. "ಇನ್ನು ಸಾಕು ಅನ್ಸ್ತು."

ಅವನ ಪಕ್ಕ ಆ ಒದ್ದೆಯಲ್ಲೇ ಕೂತೆ. ಇಷ್ಟು ವಾರ ಬಾಯಿಗೆ ಬಂದರೂ ನುಂಗಿಕೊಂಡಿದ್ದನ್ನು ಕೇಳಿದೆ. "ಬದುಕೋದೇ ಬೇಡ ಅನ್ಸ್ತಿದೆಯಾ?"

ನೀರು ತೊಟ್ಟಿಕ್ಕುತ್ತಲೇ ಇತ್ತು.

"ಹೂಂ" ಎಂದ.

ಡಾಕ್ಟರಿಗೆ ಫೋನ್ ಮಾಡಿದೆ. ಒಬ್ಬನನ್ನೇ ಬಿಡಬೇಡಿ, ಬರುತ್ತೇವೆ ಎಂದರು. ಫೊಪ್ಪೆ ಮೇಲೆ ಬಂದು ಅವನಿಗೆ ತನ್ನ ಕೋಟು ಹೊದಿಸಿದ. ಕೆಳಗೆ ಫೊಪ್ಪೆ, ಮೇಲೆ ನಾನು, ಏಣಿಯ ಒಂದೊಂದೇ ಮೆಟ್ಟಿಲಿಗೆ ಅವನ ಪಾದ ಹಿಡಿದು ಇಡಿಸಿ ಇಳಿಸಿದೆವು.

ಈಗ ಒಲೆಯ ಮುಂದೆ ಕೂತಿದ್ದಾನೆ. ತುಟಿ ನೀಲಿ. ಕಾಫಿ ಮುಟ್ಟಿಲ್ಲ. ಫೊಪ್ಪೆ ಮಂಡಿಯೂರಿ ಅವನಿಗೆ ಒಣ ಕಾಲುಚೀಲ ಹಾಕುತ್ತಿದ್ದಾನೆ. "ಕಾಲು ಚಾಚೋ, ಕತ್ತೆ. ನಾನೇನು ನಿಮ್ಮಮ್ಮನಾ?" ಎನ್ನುತ್ತಾನೆ. ಬೈಯುವವನ ಕಣ್ಣಲ್ಲೇ ನೀರು.

ಡಾಕ್ಟರ್ ಕಡೆಯವರು ಬಂದು ಏನು ಮಾಡುತ್ತಾರೋ, ಎಲ್ಲಿಗೆ ಒಯ್ಯುತ್ತಾರೋ ಗೊತ್ತಿಲ್ಲ. ಅಲ್ಲಿಂದ ಅವನು ಯಾವ ಹೆಸ್ಸೆಲ್ ಆಗಿ ಬರುತ್ತಾನೋ, ಬರುತ್ತಾನೋ ಇಲ್ಲವೋ —

ಗೇಟಿನಲ್ಲಿ ಕಾರು. ಹೆಸ್ಸೆಲ್ ನನ್ನ ತೋಳು ಹಿಡಿದುಕೊಂಡ. ಗಟ್ಟಿಯಾಗಿ. ಏನೋ ಹೇಳುತ್ತಿದ್ದಾನೆ. ಪೆನ್ನು ಕೆಳಗಿಡುತ್ತೇನೆ.