ಅರ್ಧ ಸುತ್ತು ಸಡಿಲ

ಬುಧವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಪ್ರೀತಿಯ ಎಂದು ಬರೆದದ್ದು ಅಭ್ಯಾಸಬಲದಿಂದ. ಹೊಡೆದುಹಾಕೋಣ ಎಂದುಕೊಂಡೆ, ಕಾಗದ ಗಲೀಜಾಗುತ್ತದೆ ಎಂದು ಬಿಟ್ಟೆ.

ನಿನ್ನ ಪತ್ರ ಬಂತು. ನನ್ನ ಗಂಡನ ಜೊತೆ ಹೊರಟುಹೋದ ತಂಗಿ ನನ್ನ ಕ್ಷೇಮ ವಿಚಾರಿಸಿ ಬರೆಯುತ್ತಾಳೆಂದು ನಾನೇನೂ ಕಾದು ಕುಳಿತಿರಲಿಲ್ಲ. ಎರಡನೇ ಸಾಲಿಗೇ ಕ್ಷೇಮ ಮುಗಿದು ಗಾಜಿನ ಮಾತು ಶುರುವಾದಾಗ, ಸದ್ಯ, ಇವಳು ಬದಲಾಗಿಲ್ಲ ಅನಿಸಿತು. ಮೊದಲು ನೀನು ಅವನನ್ನು ಭಾವ ಎನ್ನುತ್ತಿದ್ದೆ. ಈಗ ಏನೆನ್ನಬೇಕೋ ತಿಳಿಯದೆ ಪತ್ರದುದ್ದಕ್ಕೂ ತಡವರಿಸಿದ್ದೀಯ. ನನಗೆ ಆ ಕಷ್ಟವಿಲ್ಲ. ನಾನು ಅವನು ಎಂದೇ ಬರೆಯುತ್ತೇನೆ, ಬಹುವಚನ ಕೊಟ್ಟು ಕೊಟ್ಟು ಸಾಕಾಗಿದೆ.

ದೊಡ್ಡ ಉದ್ಯಾನಕ್ಕೆಂದು ಅವನು ನೀರಿನ ಶಿಲ್ಪ ಮಾಡುತ್ತಿದ್ದಾನೆ. ಸ್ಟೀಲಿನ ಬಳ್ಳಿ, ಅದರ ತುಂಬ ಗಾಜಿನ ಎಲೆ, ಎಲೆಯಿಂದ ಎಲೆಗೆ ಇಳಿಯುವ ನೀರು. ನೀನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿಕೊಟ್ಟ ಎಲೆಗಳು ಬಿಸಿಲೇರುತ್ತಿದ್ದಂತೆ ಬಿರುಕು ಬಿಡುತ್ತಿವೆ. ಅವನು ನಿನ್ನ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದಾನೆ. ಕೆಲಸದವರೆಲ್ಲರ ಎದುರು, "ನಿಮ್ಮಕ್ಕನ ಕೈಗುಣ ನಿಂಗೆಲ್ಲಿಂದ ಬರ್ಬೇಕು" ಎಂದನಂತೆ. ಬರುವ ವಾರ ಉದ್ಯಾನದವರು ನೋಡಲು ಬರುತ್ತಾರೆ. ಅಂದೂ ಗಾಜು ಒಡೆದರೆ ಆ ಕೆಲಸ ಅವನ ಕೈತಪ್ಪುತ್ತದೆ, ನಿನ್ನ ಗಂಟುಮೂಟೆ ಬೀದಿಗೆ ಬರುತ್ತದೆ. ಇದಿಷ್ಟು ನೀನು ಬರೆದದ್ದು.

ಓದಿ ನನ್ನ ಹೊಟ್ಟೆ ತಣ್ಣಗಾಯಿತು. ಪತ್ರ ಮಡಚಿಟ್ಟು, ಮತ್ತೆ ತೆಗೆದು, ಅವನು ನಿನ್ನನ್ನು ಬೈದ ಸಾಲುಗಳನ್ನಷ್ಟೇ ಇನ್ನೊಮ್ಮೆ ಓದಿದೆ. ಆಮೇಲೆ ಚೆನ್ನಾಗಿ ಊಟ ಮಾಡಿದೆ.

ಈಗ ಕೇಳು. ನಿನ್ನ ಗಾಜಿನಲ್ಲಿ ದೋಷವಿಲ್ಲ. ಅದು ನನಗೆ ನೋಡದೆಯೂ ಗೊತ್ತು, ಕಲಿಸಿದವಳು ನಾನು. ನೀನು ಕೈ ಸುಟ್ಟುಕೊಂಡಾಗಲೆಲ್ಲ ಮುಲಾಮು ಹಚ್ಚಿ, ಕುಲುಮೆ ತಾನಾಗಿ ಆರುವವರೆಗೆ ಬಾಗಿಲು ತೆಗೆಯಬೇಡ ಎಂದು ಗದರಿದವಳೂ ನಾನೇ. ಗಾಜು ಒಡೆಯುತ್ತಿರುವುದು ಅವನ ಸ್ಪ್ಯಾನರಿನಿಂದ.

ಅವನು ಎಲೆಯನ್ನು ಬಳ್ಳಿಗೆ ಕೂರಿಸಿ ನಟ್ಟು ಬಿಗಿಸುವುದನ್ನು ನೋಡಿದ್ದೀಯಲ್ಲ. ನೀರು ಬಿದ್ದಾಗ ಎಲೆ ಟಿಣ್ ಎಂದರೆ ಅವನಿಗೆ ಮೈ ಉರಿಯುತ್ತದೆ. ಅದು ತೆಪ್ಪಗಾಗುವವರೆಗೂ ಹಲ್ಲು ಕಚ್ಚಿ ತಿರುಗಿಸುತ್ತಾನೆ. ಬಿಸಿಲಿಗೆ ಸ್ಟೀಲು ಹಿಗ್ಗುತ್ತದೆ, ಗಾಜು ಅಷ್ಟು ಹಿಗ್ಗುವುದಿಲ್ಲ. ನಡುವೆ ಕೂದಲೆಳೆಯಷ್ಟೂ ಜಾಗವಿರದಿದ್ದರೆ, ಮೇಲಿಂದ ತಣ್ಣೀರು ಬಿದ್ದಾಗ ಅದು ಬಿರಿಯದೆ ಇನ್ನೇನು ಮಾಡೀತು? ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿ ನೋಡಿದ್ದೆ, ಗಾಜಿಗೂ ಉಸಿರಾಡಲು ಜಾಗ ಬೇಕು ಎಂದು. "ಕೇಳ್ರೋ, ಗಾಜು ಉಸಿರಾಡುತ್ತಂತೆ" ಎಂದು ವೆಲ್ಡಿಂಗ್ ಮಾಡುವವರನ್ನೆಲ್ಲ ಕರೆದು ನಗಿಸಿದ. ಆಮೇಲೆ ನಾನು ಹೇಳಲು ಹೋಗಲಿಲ್ಲ, ಮಾಡಲು ಶುರುಮಾಡಿದೆ.

ಯಾರದಾದರೂ ತೋಟದಲ್ಲಿ ಶಿಲ್ಪ ನಿಲ್ಲಿಸುವ ಕೆಲಸ ಮುಗಿಸಿ, ಅವನು ಆ ತೋಟದ ಯಜಮಾನರ ಜೊತೆ ಹರಟುತ್ತಾ ನೆರಳಿಗೆ ಹೋಗುತ್ತಿದ್ದಂತೆ, ನಾನು ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದೆ. ಬಟ್ಟೆಯೊಳಗೆ ಇನ್ನೊಂದು ಸ್ಪ್ಯಾನರ್ ಇರುತ್ತಿತ್ತು. ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ, ಗಾಜಿಗೂ ಸ್ಟೀಲಿಗೂ ನಡುವೆ ತೆಳುವಾದ ರಬ್ಬರ್ ತೂರಿಸುತ್ತಿದ್ದೆ. ಸದ್ದೂ ಇಲ್ಲ, ಬಿರುಕೂ ಇಲ್ಲ. ಅವನು ತಿರುಗಿ ಬಂದು, ಎದೆಯುಬ್ಬಿಸಿ, "ನನ್ನ ಕೈಲಿ ಇಲ್ಲೀವರ್ಗೂ ಒಂದು ಗಾಜೂ ಒಡೆದಿಲ್ಲ ನೋಡಿ" ಎನ್ನುತ್ತಿದ್ದ. ಗಾಜು ಮಾಡುವವರು ಯಾರು ಎಂದು ಯಾರಾದರೂ ಕೇಳಿದರೆ, ಸ್ಟೀಲೂ ತನ್ನದೇ, ಗಾಜೂ ತನ್ನದೇ, ಇವಳು ಒರೆಸಿಕೊಡುತ್ತಾಳೆ ಅಷ್ಟೇ ಎನ್ನುತ್ತಿದ್ದ. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದೆ. ಈಗ ನೆನೆದರೆ ಅವನಿಗಿಂತ ಆ ನಗುವಿನ ಮೇಲೇ ಸಿಟ್ಟು ಬರುತ್ತದೆ.

ಇಷ್ಟು ತಿಳಿದ ಮೇಲೆ ನಿನಗೆ ಎರಡು ದಾರಿ. ನಾನು ಮಾಡಿದಂತೆಯೇ ಬಟ್ಟೆಯೊಳಗೆ ಸ್ಪ್ಯಾನರ್ ಸುತ್ತಿಕೊಂಡು ಹೋಗಬಹುದು. ಗಾಜು ಉಳಿಯುತ್ತದೆ, ಮನೆ ಉಳಿಯುತ್ತದೆ, ಬದುಕಿರುವಷ್ಟು ಕಾಲ ನೀನು ಒರೆಸುವವಳಾಗಿರುತ್ತೀಯ. ಇಲ್ಲವೇ, ಉದ್ಯಾನದವರು ಬಂದ ದಿನ ಸ್ಪ್ಯಾನರನ್ನು ಅವನ ಕೈಗೇ ಕೊಟ್ಟು, "ಎಲ್ಲ ನಟ್ಟುಗಳನ್ನೂ ನೀವೇ ಬಿಗಿಸಿ, ನಾನು ಮುಟ್ಟುವುದಿಲ್ಲ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಕೈಕಟ್ಟಿ ನಿಂತುಕೋ. ಬಿಸಿಲು ನೆತ್ತಿಗೇರಿದ ಮೇಲೆ ಪಂಪು ಹಾಕಿಸು. ಆಮೇಲೆ ಗಾಜನ್ನು ನೋಡಬೇಡ, ಅವನ ಮುಖ ನೋಡು. ನನಗೂ ಸೇರಿಸಿ ನೋಡು.

ಯಾವುದನ್ನು ಆರಿಸಿಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು. ಇದನ್ನೆಲ್ಲ ನಿನ್ನ ಮೇಲಿನ ಅಕ್ಕರೆಯಿಂದ ಹೇಳಿದೆ ಎಂದು ಕರಗಬೇಡ. ನನ್ನ ಮನೆಯ ಹೊಸಿಲು ನಿನಗೆ ಇನ್ನೂ ದೂರವೇ ಇದೆ. ಆದರೆ ನಾನು ಕಲಿಸಿದ ಕೆಲಸವನ್ನು ಅವನು ಕೆಟ್ಟದ್ದು ಎಂದರೆ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಇತಿ,
ಇನ್ನೂ ಕೋಪ ಆರದ
ನಿನ್ನ ಅಕ್ಕ

ಮತ್ತೆ: ಒಂದು ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಚಳಿಗಾಲ ಮುಗಿಯುವ ಹೊತ್ತಿಗೆ, ನಾನೂ ಅವನೂ ಸೇರಿ ಮಾಡಿದ ಹಳೆಯ ಶಿಲ್ಪಗಳಿರುವ ತೋಟಗಳನ್ನೆಲ್ಲ ಒಂದು ಸುತ್ತು ಹಾಕಿ ಬಂದೆ. ಒರೆಸುವವಳು ಬಂದಳೆಂದು ಎಲ್ಲರೂ ಗೇಟು ತೆಗೆದು ಒಳಗೆ ಬಿಟ್ಟರು. ರಬ್ಬರೆಲ್ಲ ಕಿತ್ತು, ಪ್ರತಿಯೊಂದು ನಟ್ಟನ್ನೂ ಅವನು ಬಿಗಿಸಿದಷ್ಟೇ ಬಿಗಿಸಿಟ್ಟು ಬಂದಿದ್ದೇನೆ, ಒಂದೆಳೆ ಹೆಚ್ಚಿಲ್ಲ. ಇನ್ನು ಬಿಸಿಲು ಜೋರಾಗುತ್ತದೆ, ಒಂದೊಂದೇ ತೋಟದಿಂದ ಅವನಿಗೆ ಫೋನು ಬರುತ್ತದೆ. ಆ ಗಾಜನ್ನು ಅವನು ನಿನ್ನ ತಲೆಗೆ ಕಟ್ಟುವಂತಿಲ್ಲ, ಆಗ ನೀನಿರಲಿಲ್ಲ. ನನ್ನ ತಲೆಗೂ ಕಟ್ಟುವಂತಿಲ್ಲ, ತನ್ನದೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದಾನೆ. ಒಡೆಯುವ ಪ್ರತಿ ಎಲೆಯನ್ನೂ ಬಗ್ಗಿಸಿದ್ದು ನಾನು, ಪುಟ್ಟಿ. ಅಂಥ ಎಲೆಗಳನ್ನು ಇನ್ನೊಮ್ಮೆ ಮಾಡುವ ಶಕ್ತಿ ನನ್ನ ಕೈಗಳಲ್ಲಿಲ್ಲ. ಅದು ಗೊತ್ತಿದ್ದೇ ಬಿಗಿಸಿದೆ.