ಅಮೂರ್ತ, ಅಮೂಲ್ಯ

ಮಾರ್ಚ್ ೧೪, ಶುಕ್ರವಾರ

ಮುದ್ರಕ ಎಡವಟ್ಟು ಮಾಡಿದ್ದಾನೆ. ಹೊಸ ಕಲೆಯೆಲ್ಲ ಉಳ್ಳವರ ಗೋಡೆಯ ಅಲಂಕಾರ ಎಂದು ಕರಪತ್ರ ಬರೆದಿದ್ದೆ. 'ಗ್ಯಾಲರಿಯ ಈ ಅಮೂರ್ತ ಚಿತ್ರ ಜನರದ್ದಲ್ಲ' ಎಂಬಲ್ಲಿ 'ಅಮೂಲ್ಯ ಚಿತ್ರ' ಎಂದು ಅಚ್ಚಾಗಿದೆ. ಮುನ್ನೂರು ಪ್ರತಿ. ನಾಳೆ ಬೆಳಿಗ್ಗೆ ಗ್ಯಾಲರಿ ಬಾಗಿಲಲ್ಲೇ ಹಂಚಬೇಕು.

"ನಿನ್ನ ಬರಹ ಕಾಗೆ ಕಾಲು ಗುಬ್ಬಿ ಕಾಲು, ನಾನೇನು ಮಾಡ್ಲಿ?" ಅಂದ ಮುದ್ರಕ.

ಮನೆಗೆ ತಂದು ತೋರಿಸಿದರೆ ಅಕ್ಕ ನಕ್ಕಳು. "ಬೈಯೋಕೆ ಹೋಗಿ ಹೊಗಳಿದೆಯಲ್ಲೋ, ಕ್ರಾಂತಿವೀರ. ಅದಿರಲಿ, ಆ ಚಿತ್ರ ನೋಡಿದ್ದೀಯಾ?"

ನೋಡಿರಲಿಲ್ಲ. ನಾಚಿಕೆಯಾಗಿ ಸಂಜೆ ಹೋದೆ. ಗೋಡೆಯಗಲದ ಬೂದು ಬಣ್ಣ, ಅದರಲ್ಲೊಂದು ಕೆಂಪು ಗೆರೆ. ಅದು ಅಂಚು ಮುಟ್ಟುವ ಮೊದಲೇ ನಿಂತುಬಿಟ್ಟಿದೆ. ಬೈಗುಳ ಹುಡುಕುತ್ತಾ ನಿಂತವನಿಗೆ ಒಂದೂ ಹೊಳೆಯಲಿಲ್ಲ. ಕಣ್ಣು ಮತ್ತೆ ಮತ್ತೆ ಆ ಗೆರೆ ನಿಂತಲ್ಲಿಗೇ ಹೋಗುತ್ತಿತ್ತು.

ಬಾಗಿಲು ಹಾಕಲು ಬಂದ ಕಾವಲುಗಾರನನ್ನು, "ನಿಮಗಿದು ಅರ್ಥ ಆಗುತ್ತಾ?" ಎಂದು ಕೇಳಿದೆ.

"ಇಲ್ಲ ತಮ್ಮಾ. ಆದ್ರೆ ರಜಾ ದಿನ ಮನೇಲಿದ್ರೆ ನೆನಪಾಗುತ್ತೆ."

ಈಗ ಪೆನ್ನು ಹಿಡಿದು ಪ್ರತಿಗಳನ್ನು ತಿದ್ದುತ್ತಿದ್ದೇನೆ. 'ಅಮೂಲ್ಯ' ಹೊಡೆದು 'ಅಮೂರ್ತ' ಬರೆಯುವುದು ಸುಲಭ. ಕೈ ನಿಲ್ಲುವುದು ಮುಂದಿನ ಪದದಲ್ಲಿ, 'ಜನರದ್ದಲ್ಲ'. ಹಾಗಾದರೆ ಆ ಕಾವಲುಗಾರ ಯಾರು? ನಾಳೆ ಮೊದಲ ಪ್ರತಿ ಅವನ ಕೈಗೇ ಕೊಡಬೇಕು, ಬಾಗಿಲಲ್ಲಿ ನಿಂತಿರುವವನು ಅವನೇ. ಕೊಟ್ಟು ಏನಂತ ಹೇಳಲಿ...