ಪಕ್ಕದ ಸೀಟಿನ ಶಬ್ದ

ಮನೆಯಿಂದ,
ತಾರೀಕು ಹದಿನಾರು, ಬುಧವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ ಮಾವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮ? ನೆಗಡಿ ವಾಸಿಯಾಯಿತೇ? ಹೋದ ವಾರ ಫೋನಿನಲ್ಲಿ ಮೂಗು ಕಟ್ಟಿದ ದನಿ ಕೇಳಿಸಿತ್ತು. ಊರಿನವರ ಕುಡಿಯುವ ನೀರನ್ನೆಲ್ಲ ಲ್ಯಾಬಿನಲ್ಲಿ ಪರೀಕ್ಷೆ ಮಾಡುವವಳು, ನೀನು ಮಾತ್ರ ತಣ್ಣೀರು ಕುಡಿದುಕೊಂಡು ಕೂರಬೇಡ. ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಅತ್ತೆಯ ಮಂಡಿನೋವು ಬಿಸಿಲು ಬಂದ ಮೇಲೆ ಸ್ವಲ್ಪ ಕಡಿಮೆ. ನಿನ್ನ ಗಂಡ ಅಡುಗೆ ಕಲಿಯುತ್ತಿದ್ದಾನೆ, ನಾವು ಅದನ್ನು ತಿನ್ನುವುದನ್ನು ಕಲಿಯುತ್ತಿದ್ದೇವೆ. ನಾನು ಎಂದಿನಂತೆಯೇ. ಗ್ಯಾರೇಜು ಮುಚ್ಚಿ ಎರಡು ವರ್ಷವಾದರೂ ಹಿತ್ತಲಿನ ಶೆಡ್ಡಿನಲ್ಲಿ ಏನಾದರೊಂದು ಬಿಚ್ಚಿಕೊಂಡು ಕೂತಿರುತ್ತೇನೆ.

ಫೋನಿದ್ದೂ ಈ ಮುದುಕ ಕಾಗದ ಯಾಕೆ ಬರೆಯುತ್ತಾನೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು "ಎಲ್ಲ ಚೆನ್ನಾಗಿದೆ ಮಾವ, ಅತ್ತೆಗೆ ಕೊಡಿ" ಅನ್ನುತ್ತೀಯ, ಅಲ್ಲಿಗೆ ನನ್ನ ಸರದಿ ಮುಗಿಯಿತು. ನನ್ನ ಮಾತು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಆರು ತಿಂಗಳಿಗೆಂದು ಹೋದ ನಿನ್ನನ್ನು ಅಲ್ಲೇ ಖಾಯಂ ಆಗಿ ಇರಲು ಕೇಳಿದ್ದಾರಂತೆ, ತಿಂಗಳ ಕೊನೆಯೊಳಗೆ ನೀನು ಉತ್ತರ ಬರೆದುಕೊಡಬೇಕಂತೆ. ಮಗ ಹೇಳಿದ. ಆಗುವುದಿಲ್ಲ ಎಂದು ನೀನು ಇನ್ನೂ ಹೇಳಿಲ್ಲ ಅಂತಲೂ ಹೇಳಿದ, ಹೇಳುವಾಗ ಅವನ ಮುಖ ಸಣ್ಣದಾಗಿತ್ತು. ನೀನು ಉತ್ತರ ಬರೆಯುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು ಅನ್ನುವುದು ನನ್ನ ಆಸೆ.

ವಿಷಯ ನಮ್ಮ ಕಾರಿನದು. ಎಂಟು ತಿಂಗಳ ಹಿಂದೆ ನೀನು ಹೇಳಿದ್ದೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಾಗ, ನಿಧಾನವಾಗಿ ತಿರುವಿನಲ್ಲಿ ಹೋಗುವಾಗ, ಕಾಲಿನ ಕೆಳಗೆ ಟಂಗ್ ಅನ್ನುತ್ತದೆ, ಪಾದಕ್ಕೆ ಯಾರೋ ತಟ್ಟಿದ ಹಾಗಾಗುತ್ತದೆ ಅಂತ. ಅದೇ ವಾರ ನನಗೂ ಒಂದು ತೊಂದರೆ ಕಂಡಿತ್ತು. ವೇಗ ಹೆಚ್ಚಿಸಿದರೆ ಸ್ಟೀರಿಂಗ್ ನಡುಗುತ್ತಿತ್ತು. ನನ್ನ ಕೈಗೆ ಗೊತ್ತಾದ ಆ ನಡುಕವನ್ನು ಮರುದಿನವೇ ಚಕ್ರಗಳ ಬ್ಯಾಲೆನ್ಸ್ ಮಾಡಿಸಿ ಸರಿಪಡಿಸಿದೆ. ನಿನ್ನ ಕಾಲಿಗೆ ಗೊತ್ತಾದ ಶಬ್ದಕ್ಕಾಗಿ ಒಬ್ಬನೇ ಎರಡು ಸುತ್ತು ಓಡಿಸಿ ನೋಡಿ, ಏನೂ ಇಲ್ಲ ಎಂದುಬಿಟ್ಟೆ. ನಿನ್ನ ಗಂಡನೋ, ಕಾರು ಹತ್ತಿದ ಕೂಡಲೇ ಹಾಡು ಹಾಕುವ ಆಸಾಮಿ. ಅಪ್ಪ ಇಲ್ಲ ಅಂದ ಮೇಲೆ ಅವನಿಗೂ ಇಲ್ಲ.

ನೀನು ಬಿಡಲಿಲ್ಲ, ತಿಂಗಳಾದರೂ ಹೇಳುತ್ತಲೇ ಇದ್ದೆ. ನಮ್ಮ ಕಸುಬಿನಲ್ಲಿ, ಇಲ್ಲದ ಶಬ್ದ ಕೇಳುವವರಿಗೆಂದು ಒಂದು ಹಳೇ ಉಪಾಯವಿದೆ. ಗಾಡಿಯನ್ನು ಒಳಗೆ ತೆಗೆದುಕೊಂಡು ಜಾಕ್ ಕೊಟ್ಟು ಎತ್ತುವುದು, ಚಕ್ರ ಬಿಚ್ಚಿ ಮಣ್ಣು ತೊಳೆದು ಮತ್ತೆ ಹಾಕುವುದು, ಸರಿಯಾಯಿತು ಎಂದು ಕೀ ಕೊಡುವುದು. ಗಿರಾಕಿ "ಈಗ ಇಲ್ಲ" ಎಂದರೆ ರೋಗ ಗಾಡಿಯದಲ್ಲ, ಅವರ ಕಿವಿಯದು. ನಲವತ್ತು ವರ್ಷದಲ್ಲಿ ಎಷ್ಟೋ ಜನಕ್ಕೆ ಹೀಗೆ ಮಾಡಿದ್ದೇನೆ. ನಿನಗೂ ಮಾಡಿದೆ. ನೀನು ಮಾರನೇ ದಿನ ಖುಷಿಯಿಂದ ಬಂದು "ಹೋಯ್ತು ಮಾವ, ನಿಮ್ಮ ಕೈ ಕೈಯೇ" ಎಂದೆ. ಆ ಭಾನುವಾರ ನಿನ್ನ ನಾದಿನಿ, ಅವಳ ಗಂಡ ಊಟಕ್ಕೆ ಬಂದಿದ್ದಾಗ, ನಾನು ಏನೇನೂ ಮಾಡಿರಲಿಲ್ಲ ಅನ್ನುವ ಗುಟ್ಟನ್ನು ರಸವತ್ತಾಗಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನೂ ನಕ್ಕೆ, ನೀರು ತರುತ್ತೇನೆ ಎಂದು ಒಳಗೆ ಹೋದೆ. ಅಳಿಯ ಇನ್ನೊಮ್ಮೆ ಹೇಳಿಸಿಕೊಂಡ. ನೀನು ಹೊರಗೆ ಬರಲು ಬಹಳ ಹೊತ್ತಾಯಿತು.

ಆಮೇಲೆ ನೀನು ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾವುದರ ಬಗ್ಗೆಯೂ ಆಡಲಿಲ್ಲ ಅಂತ ಈಗ ಹೊಳೆಯುತ್ತಿದೆ. ಎರಡು ತಿಂಗಳು ಕಳೆದು ಆ ಊರಿನ ಕೆಲಸ ಕೇಳಿ ತೆಗೆದುಕೊಂಡೆ. ನಾವು ಬಡ್ತಿಯ ಆಸೆ ಅಂದುಕೊಂಡೆವು.

ಈಗ ಹೋದ ಗುರುವಾರಕ್ಕೆ ಬರುತ್ತೇನೆ. ರಿಪೇರಿಗೆ ಕೊಟ್ಟಿದ್ದ ನೀರಿನ ಮೋಟರನ್ನು ವಾಪಸು ತರಲು ಹೋಗಿದ್ದೆ. ಒಳ್ಳೇ ತೂಕದ್ದು. ಹಿಂದಿನ ಸೀಟಿನಲ್ಲಿ ಬಾಗಿಲಿಗೆಂದು ಕೊಂಡ ಹಲಗೆ ತುಂಬಿದ್ದೆ, ಹಾಗಾಗಿ ಮೋಟರನ್ನು ನಿನ್ನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ನಮ್ಮ ಬೀದಿಗೆ ತಿರುಗಿದಾಗ ಟಂಗ್ ಎಂದಿತು. ಮೋಟರೇ ಅಲುಗಾಡಿರಬೇಕು ಎಂದು ಬೈದೆ. ಅದನ್ನು ಇಳಿಸಿ ಸುಮ್ಮನೆ ಒಂದು ಸುತ್ತು ಹೋದೆ, ಶಬ್ದವಿಲ್ಲ. ಮತ್ತೆ ಹತ್ತಿಸಿದೆ, ಇದೆ. ಆ ಸೀಟಿನ ಮೇಲೆ ಭಾರವಿದ್ದರೆ ಮಾತ್ರ ಬರುವ ಶಬ್ದವನ್ನು ಪ್ರತಿಸಲವೂ ಒಬ್ಬನೇ ಕೂತು ಹುಡುಕಿದ್ದೆ, ಎಂಥಾ ಪೆದ್ದ ನಾನು!

ಮೋಟರನ್ನು ಸೀಟಿನಲ್ಲೇ ಬಿಟ್ಟು, ಚಕ್ರ ನೆಲದ ಮೇಲಿರುವಾಗಲೇ, ನಿನ್ನ ಅತ್ತೆಗೆ ಸ್ಟೀರಿಂಗ್ ಕೊಟ್ಟು ಅತ್ತ ಇತ್ತ ತಿರುಗಿಸು ಎಂದೆ. ನಾನು ಮಡ್‌ಗಾರ್ಡಿನ ಒಳಗೆ ಕೈ ತೂರಿಸಿ ಮುಂದಿನ ಸ್ಪ್ರಿಂಗನ್ನು ಬೆರಳಿನಲ್ಲಿ ಹಿಡಿದುಕೊಂಡೆ. ಅವಳು ತಿರುಗಿಸಿದಾಗ ಸ್ಪ್ರಿಂಗು ಜೊತೆಗೆ ಸರಾಗವಾಗಿ ತಿರುಗಲಿಲ್ಲ, ತಡೆದು ತಡೆದು ಒಮ್ಮೆಲೇ ಜಿಗಿಯಿತು. ಬೆರಳಿಗೆ ಏಟು ಬಿತ್ತು. ಟಾರ್ಚು ಹಾಕಿ, ಸ್ಪ್ರಿಂಗ್ ಕೂರುವ ಬಟ್ಟಲಿನ ಮಣ್ಣು ಕೆರೆದು ನೋಡಿದರೆ, ಕೆಳಗಿನ ಕೊನೆಯ ಸುತ್ತು ಮುರಿದಿತ್ತು. ಬೆರಳುದ್ದದ ತುಂಡು ಬಟ್ಟಲಿನಲ್ಲೇ ಕೂತಿತ್ತು. ಮುರಿದ ಜಾಗ ಹೊಳೆಯುತ್ತಿದ್ದರೆ ನಿನ್ನೆ ಮೊನ್ನೆಯದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಪೂರ್ತಿ ತುಕ್ಕು ಹಿಡಿದಿತ್ತಮ್ಮ. ಚೂಪಾದ ತುದಿ ಟಯರಿನಿಂದ ಎರಡೇ ಬೆರಳು ದೂರ. ಜಾರಿ ಟಯರು ಸೀಳಿದ್ದರೆ, ಆ ಸೀಟಿನಲ್ಲಿ ನೀನಿದ್ದರೆ, ಮುಂದಿನದು ಯೋಚಿಸಲೂ ಆಗುವುದಿಲ್ಲ.

ನನ್ನ ಜಂಭ ಎಂಥದ್ದು ನೋಡು, ಅಷ್ಟಾದರೂ ಒಂದು ಎಳೆ ಹಿಡಿದುಕೊಂಡಿದ್ದೆ. ಶಬ್ದ ನಿಜವೇ ಆಗಿದ್ದರೆ, ನಾನು ಏನೂ ಮಾಡದೆ ಕೊಟ್ಟಾಗ ಹೋಯಿತು ಎಂದು ಯಾಕೆ ಹೇಳಿದಳು? ಅದನ್ನೂ ನೋಡಿಬಿಡೋಣ ಎಂದು ಜಾಕ್ ಕೊಟ್ಟು ಎತ್ತಿ, ಚಕ್ರ ಬಿಚ್ಚಿ ತೊಳೆದು, ಹಾಕಿ ಇಳಿಸಿದೆ. ಮೋಟರು ಹೇರಿಕೊಂಡು ಆಮೆಯ ಹಾಗೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋದೆ. ಶಬ್ದ ಮಾಯ! ಚಕ್ರ ನೇತಾಡಿದಾಗ ಸ್ಪ್ರಿಂಗು ಸಡಿಲವಾಗಿ, ಮುರಿದ ತುದಿ ಸರಿದು ಬೇರೆ ಕಡೆ ಕೂತಿತ್ತು. ಎರಡು ದಿನ ಬೆಳಿಗ್ಗೆ ಸಂಜೆ ಅದೇ ಬೀದಿಯಲ್ಲಿ ಓಡಾಡಿದೆ. ಎದುರುಮನೆಯ ದರ್ಜಿ, ಮೋಟರನ್ನು ಗಾಳಿ ಸೇವನೆಗೆ ಕರೆದೊಯ್ಯುತ್ತಿದ್ದೀರಾ ಎಂದು ಕೇಳಿದ. ಶನಿವಾರ ಸಂಜೆ ಟಂಗ್ ಎಂದು ವಾಪಸು ಬಂತು. ಇದೆ ಎಂದಾಗಲೂ ನೀನು ನಿಜ ಹೇಳಿದ್ದೆ, ಹೋಯಿತು ಎಂದಾಗಲೂ ನಿಜ ಹೇಳಿದ್ದೆ. ಕಾರನ್ನು ಪರೀಕ್ಷೆ ಮಾಡಬೇಕಾದವನು ನಿನ್ನನ್ನು ಪರೀಕ್ಷೆ ಮಾಡಿದೆ. ಶೆಡ್ಡಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆನಮ್ಮ, ಹೇಳಲು ನಾಚಿಕೆಯೇನಿಲ್ಲ.

ಭಾನುವಾರ ನಿನ್ನ ನಾದಿನಿಯನ್ನೂ ಅಳಿಯನನ್ನೂ ಬೇಕೆಂತಲೇ ಊಟಕ್ಕೆ ಕರೆಸಿದೆ. ಅದೇ ಮೇಜಿನ ಮೇಲೆ ತುಕ್ಕಿನ ತುಂಡು ಇಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಿನ್ನ ಗಂಡ ತಟ್ಟೆ ಬಿಟ್ಟು ಎದ್ದು ಹೋಗಿ ಕಾರಿನೊಳಗೆ ಕೂತ. ಸೋಮವಾರ ಮುಂದಿನ ಎರಡೂ ಸ್ಪ್ರಿಂಗುಗಳನ್ನು ಜೋಡಿಯಾಗಿ ಬದಲಾಯಿಸಿದೆ, ಮೇಲಿನ ರಬ್ಬರುಗಳನ್ನೂ ಹೊಸದು ಹಾಕಿದೆ. ನಿನ್ನ ಗಂಡ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದ, ಹಾಡಿಲ್ಲದೆ.

ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ ತಾಯಿ. ಬಾ ಎಂದು ಕರೆಯಲು ಈ ಕಾಗದ ಬರೆದಿಲ್ಲ. ಆ ಕೆಲಸ ನಿನಗೆ ಹಿಡಿಸಿದ್ದರೆ ಅಲ್ಲೇ ಇರು, ನಿನ್ನ ಗಂಡನಿಗೆ ಎರಡು ಸಾರು ಕಲಿಸಿ ಅಲ್ಲಿಗೇ ಕಳಿಸುತ್ತೇನೆ. ನನ್ನ ನಗುವಿನಿಂದ ದೂರವಿರಲು ಅಲ್ಲಿರುವುದಾದರೆ, ಹಾಗೆಂದು ಒಂದು ಸಾಲು ಬರೆ. ಬೈದು ಬರೆದರೂ ಸರಿ. ಎಲ್ಲರ ನೆನಪುಗಳು. ಆರೋಗ್ಯ ನೋಡಿಕೋ.

ಇತಿ,
ನಿನ್ನ ಮಾವ

ಲಕೋಟೆ ಅಂಟಿಸುವ ಮೊದಲು ಇಷ್ಟು: ಈಗಷ್ಟೇ ಇದನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಶಬ್ದ ನನಗೂ ಗೊತ್ತಿತ್ತು" ಎಂದಳು. ನೀನು ಹೋದಾಗಿನಿಂದ ಪ್ರತಿ ವಾರ ಮಗನ ಜೊತೆ ಅಂಗಡಿಗೆ ಹೋಗುವಾಗ ಆ ಸೀಟಿನಲ್ಲಿ ಕೂರುವವಳು ಅವಳೇ. ಐದು ತಿಂಗಳು ಅವಳ ಕಾಲಿನ ಕೆಳಗೂ ಟಂಗ್ ಅಂದಿದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅವಳನ್ನು ನೋಡಿ ನೀವೆಲ್ಲ ನಕ್ಕಿದ್ದು ನಾನೂ ನೋಡಿದ್ನಲ್ಲ" ಎಂದಳು. ಇನ್ನೂ ಏನೇನು ಹೇಳದೆ ಇಟ್ಟುಕೊಂಡಿದ್ದೀಯ ಎಂದು ಅವಳನ್ನು ಕೇಳಿ ಎದುರಿಗೆ ಕೂತಿದ್ದೇನೆ. ಈಗ ಹೇಳಲು ಶುರು ಮಾಡಿದ್ದಾಳೆ, ಪೆನ್ನು ಕೆಳಗಿಡುತ್ತೇನೆ.